ಎದುರಾಳಿಯ ಕುರ್ಚಿ

ದೊಡ್ಡ ಕಂಪೆನಿಯೊಂದು ಇಡ್ಲಿ ಹಿಟ್ಟಿನ ವ್ಯಾಪಾರಕ್ಕೆ ಇಳಿಯುತ್ತಿದೆ ಎಂಬ ಸುದ್ದಿಯನ್ನು ಮೊದಲು ತಂದವನು ಮರೆಪ್ಪನೇ. ಬೆಳಗಿನ ಸುತ್ತು ಮುಗಿಸಿ ಬಂದವನು ಟೆಂಪೋದಿಂದ ಖಾಲಿ ಕ್ರೇಟುಗಳನ್ನು ಇಳಿಸುತ್ತ ಹೇಳಿದ.

"ಅಕ್ಕಾರ, ಭಿವಂಡಿ ಕಡೆ ದೊಡ್ಡ ಫ್ಯಾಕ್ಟರಿ ಹಾಕ್ಯಾರಂತ. ದೀಪಾವಳಿಗೆ ಮುಂಬೈ ತುಂಬ ಹಿಟ್ಟು ಬಿಡ್ತಾರಂತ. ದಹಿಸರ್‌ದಾಗ ಎಲ್ಲಾ ಅಂಗಡಿಯವರೂ ಅದನ್ನ ಮಾತಾಡಾಕತ್ಯಾರ."

ಶೀಲಾವತಿ ಗಂಡನ ಮುಖ ನೋಡಿದಳು. ಚೆನ್ನಯ ಮೂಟೆಯಿಂದ ಅಕ್ಕಿ ಅಳೆಯುತ್ತಲೇ ಇದ್ದ. ರುಬ್ಬುವ ಯಂತ್ರಗಳ ಸದ್ದಿನಲ್ಲಿ ಕೇಳಿಸಲಿಲ್ಲವೇನೋ ಎಂದುಕೊಂಡಳು. ಆದರೆ ಮಧ್ಯಾಹ್ನ ಊಟಕ್ಕೆ ಕೂತವನು ಅನ್ನವನ್ನು ಕಲಸಿ ಕಲಸಿ ಹಾಗೆಯೇ ಎದ್ದುಹೋದ. ಕೇಳಿಸಿತ್ತು.

ಚೆನ್ನಯ ಕರಾವಳಿಯ ಹೆಜಮಾಡಿಯಿಂದ ಮುಂಬೈಗೆ ಬಂದು ಹೋಟೆಲಿನಲ್ಲಿ ಮೇಜು ಒರೆಸಿದವನು. ಮದುವೆಯಾದ ಮೇಲೆ ಗಂಡ ಹೆಂಡತಿ ಸೇರಿ ಒಂದು ಗ್ರೈಂಡರ್ ಕೊಂಡು, ಆಂಟಾಪ್ ಹಿಲ್‌ನ ಒಂದೇ ಕೋಣೆಯ ಮನೆಯಲ್ಲಿ ಹಿಟ್ಟು ರುಬ್ಬಿ ಅಕ್ಕಪಕ್ಕದವರಿಗೆ ಮಾರತೊಡಗಿದ್ದರು. ಈಗ ವಡಾಲದಲ್ಲಿ ಸಾಲು ಷೆಡ್ಡುಗಳ ನಡುವೆ ಅವರದೊಂದು ಕಾರ್ಖಾನೆ. ಪ್ಯಾಕೆಟ್ಟಿನ ಮೇಲೆ ಹಸಿರು ಅಕ್ಷರದಲ್ಲಿ 'ಹೆಜಮಾಡಿ ಹಿಟ್ಟು' ಎಂದು ಕನ್ನಡದಲ್ಲೂ ಹಿಂದಿಯಲ್ಲೂ ಬರೆದಿರುತ್ತಿತ್ತು. ಮಾಟುಂಗ, ವಡಾಲದ ಹೋಟೆಲುಗಳನ್ನು ಚೆನ್ನಯ ಹಿಡಿದಿದ್ದ. ಗೋರೆಗಾಂವ್‌ನಿಂದ ದಹಿಸರ್‌ವರೆಗಿನ ಅಂಗಡಿಗಳನ್ನು ಒಂದೊಂದಾಗಿ ಕಟ್ಟಿದವನು ಮರೆಪ್ಪ. ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಬಂದು, ಇವರಲ್ಲಿ ಮೂಟೆ ಹೊರುವವನಾಗಿ ಸೇರಿ, ಆಮೇಲೆ ಟೆಂಪೋ ಓಡಿಸುವುದನ್ನು ಕಲಿತಿದ್ದ. ಅವನ ಹೆಂಡತಿ ಸೋಮವ್ವ ಇಲ್ಲೇ ಅಕ್ಕಿ ಉದ್ದು ತೊಳೆಯುತ್ತಿದ್ದಳು. ವ್ಯಾಪಾರದ ಅರ್ಧ ಮರೆಪ್ಪನ ಆ ದಹಿಸರ್ ಸಾಲಿನ ಮೇಲೆ ನಿಂತಿತ್ತು. ಇದು ಎಲ್ಲರಿಗೂ ಗೊತ್ತಿದ್ದ ವಿಷಯ, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ ಅಷ್ಟೆ.

ಸುದ್ದಿ ಬಂದಲ್ಲಿಂದ ಚೆನ್ನಯನಿಗೆ ನಿದ್ದೆ ಹಾರಿಹೋಯಿತು. ಕಂಪೆನಿಯ ಜಾಹೀರಾತನ್ನು ಫೋನಿನಲ್ಲಿ ಹುಡುಕಿ ಹುಡುಕಿ ನೋಡುತ್ತಿದ್ದ. ಮಗಳು ಪ್ರಣೀತಾ ಲೋವರ್ ಪರೇಲಿನ ಸಲಹಾ ಸಂಸ್ಥೆಯೊಂದರಲ್ಲಿ ಕೆಲಸಕ್ಕಿದ್ದಳು. ತಂದೆಯ ಅವಸ್ಥೆ ನೋಡಲಾರದೆ ಒಂದು ಭಾನುವಾರ ಕೇಳಿದಳು:

"ಪಪ್ಪ, ನಾವು ಕ್ಲೈಂಟ್‌ಗಳಿಗೆ ವಾರ್ ಗೇಮ್ ಅಂತ ಮಾಡಿಸ್ತೇವೆ. ಒಂದು ಟೀಮ್ ನಾವಾಗೋದು, ಇನ್ನೊಂದು ಟೀಮ್ ಎದುರಿನ ಕಂಪೆನಿ ಆಗೋದು. ಅವರು ಎಂತ ಮಾಡ್ಬಹುದು ಅಂತ ಅವರ ಜಾಗದಲ್ಲಿ ಕೂತು ಯೋಚಿಸೋದು. ಮನೆಯಲ್ಲೇ ಒಮ್ಮೆ ಆಡಿ ನೋಡುವನಾ?"

"ನನ್ನ ಬದುಕು ಮುಳುಗ್ತಾ ಉಂಟು, ನಿನಗೆ ಆಟವಾ?"

"ಆಟ ಅಲ್ಲ ಪಪ್ಪ. ಸೀರಿಯಸ್ಲಿ. ಅವರು ಬರೋ ಮೊದಲೇ ನಾವು ರೆಡಿ ಇರ್ಬಹುದು."

ಹಾಗೆ ಆಟ ಶುರುವಾಯಿತು. ಚೆನ್ನಯ ಮತ್ತು ಅವನ ತಂಗಿಯ ಮಗ ಪ್ರೀತಮ್ ಹೆಜಮಾಡಿ ಹಿಟ್ಟಿನ ಕಡೆ. ಪ್ರೀತಮ್ ಅಂಗಡಿಗಳ ಫೋನು, ಬಿಲ್ಲು ನೋಡಿಕೊಳ್ಳುತ್ತಿದ್ದವನು. ಪ್ರಣೀತಾ ತೀರ್ಪುಗಾರ್ತಿ. ಶೀಲಾವತಿ ಚಹಾ ಮಾಡಲು ಏಳುತ್ತಿದ್ದಂತೆ ಮಗಳು ಕೈ ಹಿಡಿದು ಕೂರಿಸಿದಳು.

"ಅಮ್ಮ, ನೀನು ಕಂಪೆನಿ."

"ನನಗೆಂತ ಗೊತ್ತು ಮಾರಾಯ್ತಿ?"

"ಆ ಕುರ್ಚಿಯಲ್ಲಿ ಕೂತ್ಕೋ. ನಿನ್ನ ಹತ್ರ ಬೇಕಾದಷ್ಟು ಹಣ ಉಂಟು, ಜನ ಉಂಟು. ಹೆಜಮಾಡಿ ಹಿಟ್ಟನ್ನು ಮುಂಬೈಯಿಂದ ಓಡಿಸ್ಬೇಕು. ಎಂತ ಮಾಡ್ತೀ?"

ಶೀಲಾವತಿ ನಕ್ಕಳು. ಆಮೇಲೆ ಯೋಚಿಸಿದಳು. ಬೇಕಾದಷ್ಟು ಹಣ ಇರುವವರ ಹಾಗೆ ಯೋಚಿಸುವುದು ಅವಳಿಗೆ ಹೊಸದು. ಆದರೆ ಹೆಜಮಾಡಿ ಹಿಟ್ಟು ಎಲ್ಲಿ ಮೆತ್ತಗಿದೆ, ಎಲ್ಲಿ ಒತ್ತಿದರೆ ನೋಯುತ್ತದೆ ಎಂಬುದು ಅವಳಷ್ಟು ಬೇರೆ ಯಾರಿಗೆ ಗೊತ್ತು?

"ಅಂಗಡಿಯವರಿಗೆಲ್ಲ ಒಂದೊಂದು ಫ್ರಿಜ್ ಪುಕ್ಕಟೆ ಕೊಡ್ತೇನೆ" ಎಂದಳು. "ಅದ್ರೊಳಗೆ ನನ್ನ ಹಿಟ್ಟು ಮಾತ್ರ ಇಡ್ಬೇಕು."

ಪ್ರೀತಮ್ ಬಾಯಿ ತೆರೆದುಕೊಂಡು ನೋಡಿದ. ನಾವು ದರ ಇಳಿಸುತ್ತೇವೆ ಎಂದ ಚೆನ್ನಯ. ಅವಳು ಅದಕ್ಕಿಂತ ಹೆಚ್ಚು ಇಳಿಸಿದಳು. ನಮ್ಮದು ಅದೇ ದಿನದ ತಾಜಾ ಹಿಟ್ಟು ಎಂದ. ನಾನು ವಾರವಾದರೂ ಕೆಡದ ಹಿಟ್ಟು ಕೊಡುತ್ತೇನೆ, ಉಳಿದದ್ದನ್ನು ವಾಪಸು ತೆಗೆದುಕೊಳ್ಳುತ್ತೇನೆ, ಅಂಗಡಿಯವನಿಗೆ ಯಾವುದು ಅನುಕೂಲ ನೀವೇ ಹೇಳಿ ಎಂದಳು. ಪ್ರಣೀತಾ ಪ್ರತಿ ಸುತ್ತನ್ನೂ ಅಮ್ಮನಿಗೇ ಕೊಟ್ಟಳು. ಶೀಲಾವತಿಯ ಕೆನ್ನೆ ಬಿಸಿಯಾಗಿತ್ತು. ಈ ವ್ಯಾಪಾರದಲ್ಲಿ ಅವಳ ಅಭಿಪ್ರಾಯವನ್ನು ಯಾರಾದರೂ ಕೇಳಿ ಎಷ್ಟು ಕಾಲವಾಗಿತ್ತೋ. ಗೆಲ್ಲುವುದು ಇಷ್ಟು ರುಚಿಯೆಂದು ಅವಳಿಗೆ ತಿಳಿದಿರಲಿಲ್ಲ.

ಚೆನ್ನಯ ಕೊನೆಗೆ ತೊಡೆ ತಟ್ಟಿ ಹೇಳಿದ: "ಎಂತ ಬೇಕಾದ್ರೂ ಮಾಡು. ನಮ್ಮ ಹತ್ರ ಮರೆಪ್ಪ ಉಂಟು. ಅವ ಬೇಡ ಹೇಳಿದ್ರೆ ದಹಿಸರ್‌ನವರು ಯಾರ ಫ್ರಿಜ್ಜೂ ತಕ್ಕೊಳ್ಳುದಿಲ್ಲ."

"ಹಾಗಾದ್ರೆ ನಾನು ಮೊದಲು ಮರೆಪ್ಪನನ್ನೇ ತಕ್ಕೊಳ್ತೇನೆ."

ಯೋಚಿಸದೆ ಬಂದ ಮಾತು. ಹೇಳಿ ನಗಬೇಕೆಂದಿದ್ದಳು, ಯಾರೂ ನಗಲಿಲ್ಲ. ಚೆನ್ನಯ ಅವಳನ್ನು ನೋಡಿದ ರೀತಿ ಹೇಗಿತ್ತೆಂದರೆ, ಎದುರಿಗೆ ಕೂತಿದ್ದವಳು ಹೆಂಡತಿಯಲ್ಲ, ನಿಜವಾಗಿಯೂ ಯಾರೋ ಬೇರೆಯವಳು ಎಂಬಂತಿತ್ತು.

"ಅದಕ್ಕೇ ಇದನ್ನು ಆಡೋದು" ಎಂದಳು ಪ್ರಣೀತಾ ಮೆಲ್ಲಗೆ. "ಪಪ್ಪ, ಮರೆಪ್ಪಣ್ಣನ ಜೊತೆ ಕೂತು ಮಾತಾಡು. ಆ ಲೈನಿನಲ್ಲಿ ಅವರಿಗೆ ಒಂದು ಪಾಲು ಕೊಡು. ಆಮೇಲೆ ಅವರನ್ನು ಯಾರೂ ಕರ್ಕೊಂಡು ಹೋಗ್ಲಿಕ್ಕಾಗುದಿಲ್ಲ."

"ನೋಡುವ" ಎಂದ ಚೆನ್ನಯ.

ಅವನು ನೋಡಿದ್ದು ಬೇರೆ ರೀತಿಯಲ್ಲಿ. ಮರುದಿನದಿಂದ ಪ್ರೀತಮ್ ಟೆಂಪೋದಲ್ಲಿ ಮರೆಪ್ಪನ ಪಕ್ಕ ಕೂರತೊಡಗಿದ. ಲೈನು ಕಲಿಯಲಿ ಎಂದ ಚೆನ್ನಯ. ಮರೆಪ್ಪ ಖುಷಿಯಿಂದಲೇ ಕಲಿಸಿದ. ಆಮೇಲೆ ಚೆನ್ನಯ ಅಂಗಡಿಯವರಿಗೆ ತಾನೇ ಫೋನು ಮಾಡಿ, ನಮ್ಮ ಮನುಷ್ಯ ಸರಿ ಇದ್ದಾನೋ, ಬೇರೆ ಯಾರ ಬಗ್ಗೆಯಾದರೂ ಮಾತಾಡಿದನೋ ಎಂದು ವಿಚಾರಿಸತೊಡಗಿದ. ಅಂಗಡಿಯವರು ಅದನ್ನು ಮರೆಪ್ಪನಿಗೆ ಹೇಳದೆ ಇರುತ್ತಾರೆಯೇ? ಅವನ ಮಾತು ಕಡಿಮೆಯಾಯಿತು. ಕ್ರೇಟು ಇಳಿಸುವಾಗ ಊರಿನ ಸುದ್ದಿ, ಟ್ರಾಫಿಕ್ಕಿನ ಸುದ್ದಿ ಹೇಳುತ್ತಿದ್ದವನು ಸುಮ್ಮನೆ ಇಳಿಸಿ ಹೋಗತೊಡಗಿದ. ಆ ಮೌನ ಚೆನ್ನಯನಿಗೆ ಸಾಕ್ಷಿಯಾಯಿತು.

"ನೋಡಿದೆಯಾ ಶೀಲ? ಮೊದಲು ಹೀಗೆ ಇದ್ದನಾ ಅವ? ನೀನು ಹೇಳಿದ್ದೇ ಸರಿ."

ತಾನು ಹೇಳಿದ್ದು ಆಟದಲ್ಲಿ ಎಂದು ಅವಳು ಹೇಳಬಹುದಿತ್ತು. ಹೇಳಲಿಲ್ಲ. ಅವಳ ಮನಸ್ಸಿನ ಒಂದು ಮೂಲೆಯಲ್ಲೂ ಹೆದರಿಕೆ ಹೊಕ್ಕಿತ್ತು. ತನಗೆ ಹೊಳೆದ ಉಪಾಯ ಅಷ್ಟು ದೊಡ್ಡ ಕಂಪೆನಿಯವರಿಗೆ ಹೊಳೆಯದೆ ಇರುತ್ತದೆಯೇ? ಎಚ್ಚರಿಕೆಯಿಂದ ಇದ್ದರೆ ತಪ್ಪೇನು ಎಂದುಕೊಂಡು ಸುಮ್ಮನಾದಳು. ಮಗಳಿಗೆ ಆಫೀಸಿನಲ್ಲಿ ಬಿಡುವಿರಲಿಲ್ಲ. ಮರೆಪ್ಪಣ್ಣನ ಜೊತೆ ಮಾತಾಡಿದ್ರಾ ಎಂದು ಫೋನಿನಲ್ಲಿ ಕೇಳಿದಾಗ, ಮಾತಾಡ್ತಾರಂತೆ ಎಂದಳು ಶೀಲಾವತಿ.

ದಸರೆಯ ಹೊತ್ತಿಗೆ ಅದು ಒಡೆಯಿತು. ಬೆಳಗಿನ ಸುತ್ತಿನಿಂದ ಮರೆಪ್ಪ ತಡವಾಗಿ ಬಂದ. ಹೈವೇಯಲ್ಲಿ ಟ್ರಕ್ಕೊಂದು ಮಗುಚಿಬಿದ್ದಿತ್ತು. ಚೆನ್ನಯ ಬಾಗಿಲಲ್ಲೇ ನಿಂತಿದ್ದ.

"ಮರೆಪ್ಪ, ನಿನ್ನ ಫೋನ್ ಕೊಡು ಒಮ್ಮೆ."

"ಯಾಕ್ರಿ ಅಣ್ಣಾರ?"

"ಕೊಡು ಅಂದ್ರೆ ಕೊಡು. ಯಾರ್ಯಾರು ಫೋನ್ ಮಾಡ್ತಾರೆ ನೋಡ್ಬೇಕು."

ಕೆಲಸದ ಹೆಂಗಸರು ಕೈ ನಿಲ್ಲಿಸಿದರು. ಯಾರೋ ಯಂತ್ರವನ್ನೂ ಆರಿಸಿದರು. ಮರೆಪ್ಪ ಫೋನು ಕೊಟ್ಟ. ಚೆನ್ನಯ ಬೆರಳಾಡಿಸುತ್ತ ಹೋದ. ಅಂಗಡಿಯವರು, ಪ್ರೀತಮ್, ಸೋಮವ್ವ, ಊರಿನ ತಮ್ಮ. ಬೇರೆ ಯಾರೂ ಇರಲಿಲ್ಲ. ಇಷ್ಟಕ್ಕೆ ಬಿಟ್ಟಿದ್ದರೆ ಏನಾದರೂ ಉಳಿಯುತ್ತಿತ್ತೋ ಏನೋ.

"ಅಳಿಸಿ ಹಾಕಿರ್ತೀ" ಎಂದ ಚೆನ್ನಯ. "ಕಂಪೆನಿಯವರು ಎಷ್ಟು ಕೊಡ್ತೇವೆ ಅಂದಿದ್ದಾರೆ?"

ಮರೆಪ್ಪ ಶೀಲಾವತಿಯ ಕಡೆ ತಿರುಗಿದ. ಅವಳು ಏನಾದರೂ ಹೇಳುತ್ತಾಳೆಂದು ಕಾದ. ಅವಳು ಕಣ್ಣು ತಗ್ಗಿಸಿ ಅಲ್ಲಿದ್ದ ಖಾಲಿ ಕ್ರೇಟುಗಳನ್ನು ಜೋಡಿಸತೊಡಗಿದಳು. ಅವನು ಫೋನು ಇಸಿದುಕೊಂಡು, ಟೆಂಪೋದ ಕೀಲಿಯನ್ನು ಗ್ರೈಂಡರಿನ ಅಂಚಿನ ಮೇಲಿಟ್ಟು ಹೊರಟ. ಉದ್ದಿನ ಬೋಗುಣಿಯ ಮುಂದೆ ಕೂತಿದ್ದ ಸೋಮವ್ವ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತ ಎದ್ದಳು. ಯಾರ ಮುಖವನ್ನೂ ನೋಡದೆ ಗಂಡನ ಹಿಂದೆ ನಡೆದಳು.

ಟೆಂಪೋ ಹತ್ತಿದ್ದು ಪ್ರೀತಮ್. ಲೈನು ಕಲಿತಿದ್ದೇನೆ ಎಂದು ಅವನು ನಂಬಿದ್ದ. ಆದರೆ ಬಿಸಿಲೇರಿದ ಮೇಲೆ ದಹಿಸರ್ ಮುಟ್ಟುತ್ತಿದ್ದ, ಅಷ್ಟರಲ್ಲಿ ಪ್ಯಾಕೆಟ್ಟುಗಳು ಉಬ್ಬಿ ನಿಂತಿರುತ್ತಿದ್ದವು. ಎಲ್ಲ ಅಂಗಡಿಯಲ್ಲೂ ಒಂದೇ ಪ್ರಶ್ನೆ: "ಮರೆಪ್ಪಾ ಕಿಧರ್ ಹೈ?" ಕೆಲಸ ಬಿಟ್ಟ ಎಂದರೆ ಏಕೆ ಬಿಟ್ಟ ಎಂದು ಕೇಳುತ್ತಿದ್ದರು. ಬೊರಿವಲಿಯ ಒಬ್ಬ ಅಂಗಡಿಯವನು ಹುಳಿ ಬಂದ ಹಿಟ್ಟನ್ನು ಪ್ರೀತಮನ ಎದುರೇ ಚರಂಡಿಗೆ ಸುರಿದ. ಕ್ರೇಟುಗಳು ತುಂಬಿಕೊಂಡೇ ಮರಳತೊಡಗಿದವು. ಸಂಜೆ ಗಾಳಿಯಲ್ಲೆಲ್ಲ ಹುಳಿ ವಾಸನೆ. ಹೆಂಗಸರು ಮೂಗಿಗೆ ಸೆರಗು ಹಿಡಿದು ಪ್ಯಾಕೆಟ್ಟು ಕತ್ತರಿಸಿ ಮೋರಿಗೆ ಸುರಿಯುತ್ತಿದ್ದರು. ಚೆನ್ನಯ ಅದನ್ನು ನೋಡಲಾರದೆ ರೈಲು ಹಳಿಯ ಕಡೆ ಮುಖಮಾಡಿ ನಿಂತಿರುತ್ತಿದ್ದ.

ದೀಪಾವಳಿಗೆ ಕಂಪೆನಿಯ ಹಿಟ್ಟು ಬಂತು. ಇವರು ಕಾದಿದ್ದ ಯಾವುದೂ ಆಗಲಿಲ್ಲ. ಅಂಗಡಿಯವರಿಗೆ ಫ್ರಿಜ್ ಕೊಡಲಿಲ್ಲ. ದರ ಇಳಿಸಲಿಲ್ಲ, ಅವರ ದರ ಹೆಜಮಾಡಿ ಹಿಟ್ಟಿಗಿಂತ ಹೆಚ್ಚೇ ಇತ್ತು. ಅಂಗಡಿಗಳ ಕಡೆ ಅವರು ಅಷ್ಟಾಗಿ ತಲೆಹಾಕಲೇ ಇಲ್ಲ. ಜನ ಫೋನಿನಲ್ಲಿ ಒತ್ತಿದರೆ ಬೈಕಿನಲ್ಲಿ ಬಂದು ಮನೆ ಬಾಗಿಲಿಗೇ ಕೊಟ್ಟು ಹೋಗುತ್ತಿದ್ದರು. ಅಂಗಡಿಯವರೂ ಇವರ ಹಾಗೆಯೇ ಕೈಕಟ್ಟಿ ನಿಂತು ಬೈಕುಗಳು ಓಡುವುದನ್ನು ನೋಡುತ್ತಿದ್ದರು.

ಕೆಲವು ದಿನಗಳಲ್ಲಿ ಪ್ರೀತಮ್ ಓಡೋಡಿ ಬಂದ. "ಮಾಮ, ಮರೆಪ್ಪನನ್ನು ನೋಡಿದೆ. ದಹಿಸರ್‌ನಲ್ಲಿ, ಕಂಪೆನಿಯ ಟೀ ಶರ್ಟ್ ಹಾಕ್ಕೊಂಡು ಗೋಡೌನ್ ಹತ್ರ ನಿಂತಿದ್ದ."

ಚೆನ್ನಯ ಎದ್ದು ನಿಂತ. ಎಷ್ಟೋ ದಿನಗಳ ಮೇಲೆ ಅವನ ಮುಖದಲ್ಲಿ ಜೀವ ಕಂಡಿತು. "ನಾನು ಹೇಳಿಲ್ವಾ? ಹೇಳಿಲ್ವಾ ನಾನು?"

ಮುಳುಗುತ್ತಿರುವಾಗಲೂ ತನ್ನ ಲೆಕ್ಕ ಸರಿಯಾಯಿತೆಂದು ಗಂಡನಿಗೆ ಸಮಾಧಾನವಾಗಿದೆ ಎಂದು ಶೀಲಾವತಿಗೆ ಅನಿಸಿತು. ಮರುದಿನ ಮಧ್ಯಾಹ್ನ ಅವಳು ಯಾರಿಗೂ ಹೇಳದೆ ಆಂಟಾಪ್ ಹಿಲ್‌ನಲ್ಲಿದ್ದ ಮರೆಪ್ಪನ ಮನೆಗೆ ಹೋದಳು. ಅವನನ್ನು ಬೈಯಲು ಹೋಗುತ್ತಿದ್ದೇನೋ, ಕಾಲು ಹಿಡಿಯಲು ಹೋಗುತ್ತಿದ್ದೇನೋ ಅವಳಿಗೇ ಸ್ಪಷ್ಟವಿರಲಿಲ್ಲ.

ಸಾಲುಮನೆಗಳ ಚಾಳಿನ ಕೊನೆಯ ಮನೆ. ಮರೆಪ್ಪ ಪಾಳಿ ಮುಗಿಸಿ ಬಂದು ಊಟಕ್ಕೆ ಕೂತಿದ್ದ. ಅವಳನ್ನು ಕಂಡು ಎದ್ದ.

"ಬರ್ರಿ ಅಕ್ಕಾರ. ಕುಂದರ್ರಿ" ಎಂದಳು ಸೋಮವ್ವ. ಸ್ವರದಲ್ಲಿ ಆದರವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಬಂದವರಿಗೆ ಹೇಳುವ ಮಾತು.

"ಮರೆಪ್ಪ, ಕಡೆಗೂ ನೀನು ಅಲ್ಲಿಗೇ ಹೋದೆಯಲ್ಲ" ಎಂದಳು ಶೀಲಾವತಿ. ಬೇರೆ ಏನನ್ನೋ ಹೇಳಬೇಕೆಂದು ಬಂದಿದ್ದಳು.

ಅವನು ಕೈ ತೊಳೆದು ಬಂದು ಗೋಡೆಗೆ ಒರಗಿ ಕೂತ.

"ಹೋದೆ ಅಕ್ಕಾರ. ನಾನೇ ಕೇಳ್ಕೊಂಡು ಹೋದೆ, ಯಾರೂ ಕರೀಲಿಲ್ಲ. ಎಲ್ಲರೂ ಹೋಗ್ತಾನ ಹೋಗ್ತಾನ ಅಂತಿದ್ರಿ, ಹೋಗೇ ಬಿಡೋಣ ಅನ್ನಿಸ್ತು. ಎಲ್ಲಿ ಕೆಲಸ ಮಾಡ್ತಿದ್ದಿ ಅಂತ ಕೇಳಿದ್ರು. ಹೆಜಮಾಡಿ ಹಿಟ್ಟು ಅಂದೆ. ಅವರಿಗೆ ಗೊತ್ತೇ ಇಲ್ಲರಿ."

"ಎಂತ ಗೊತ್ತಿಲ್ಲ?"

"ನಮ್ಮ ಹೆಸರು. ಕೆಲಸಕ್ಕ ತಗೋಳೋ ಸಾಹೇಬ ಏನಂದಿ, ಏನಂದಿ ಅಂತ ಮತ್ತ ಮತ್ತ ಕೇಳಿದ. ವಡಾಲದಾಗ ಐತ್ರಿ, ದಹಿಸರ್ ತನಕ ಮಾಲು ಹೋಗ್ತದ, ಹಳೇ ಹೆಸರು ಅಂದೆ. ಆ ಸಾಹೇಬ ಹುಡುಗ ಪಾಪ, ಇರಬಹುದು ಅಂದ. ಟೆಂಪೋ ಓಡಿಸ್ತಿದ್ದೆ ಅಂತ ಬರ್ಕೊಂಡ, ಗೋಡೌನಿಗೆ ಹಾಕಿದ. ಯಾವ ಅಂಗಡಿ ಗೊತ್ತು, ಯಾರು ಗೊತ್ತು ಅಂತ ಒಂದು ಮಾತೂ ಕೇಳಲಿಲ್ಲ. ಅವರಿಗೆ ಅಂಗಡಿ ಬೇಕಾಗೇ ಇಲ್ಲ ಅಕ್ಕಾರ. ನನಗ ಅಲ್ಲಿ ಕುಂತು ನಾಚಿಗಿ ಆತು. ನಿಮ್ಮ ಸಲುವಾಗಿ."

ಇಷ್ಟು ದಿನ ಯಾರ ವಿರುದ್ಧ ಕಾದಾಡುತ್ತಿದ್ದರೋ ಅವರಿಗೆ ಇವರು ಇದ್ದಾರೆಂಬುದೇ ತಿಳಿದಿರಲಿಲ್ಲ. ಆ ಭಾನುವಾರ ಕುರ್ಚಿಯಲ್ಲಿ ಕೂತು ಶೀಲಾವತಿ ಹೂಡಿದ ಏಟುಗಳಲ್ಲಿ ಬಿದ್ದದ್ದು ಮರೆಪ್ಪನ ಮೇಲಿನದು ಒಂದೇ. ಅದನ್ನು ಹೊಡೆದವರು ಕಂಪೆನಿಯವರಲ್ಲ, ಇವರೇ.

"ಪ್ರೀತಮ್ ಆವಾಗೇ ಟೆಂಪೋದಾಗ ಎಲ್ಲಾ ಹೇಳಿದ್ದ" ಎಂದ ಮರೆಪ್ಪ. "ಆಟದಾಗ ನೀವು ಕಂಪೆನಿ ಆಗಿದ್ರಂತ. ನನ್ನ ಮೊದಲು ತಗೋತೀನಿ ಅಂದ್ರಂತ. ಕೇಳಿ ಮೊದಲು ನಗು ಬಂತು. ಹೆಮ್ಮೀನೂ ಆತು, ಸುಳ್ಳು ಯಾಕ ಹೇಳ್ಲಿ. ಫೋನ್ ಕೊಡು ಅಂದ ದಿನ ನಿಮ್ಮ ಮಾರಿ ನೋಡಿದೆ. ಆಟ ಇತ್ತು, ಬಿಡ್ರಿ ಅಂತ ನೀವೊಂದು ಮಾತು ಅಂತೀರಿ ಅಂತ ನಿಂತೆ."

"ತಪ್ಪಾಯ್ತು ಮರೆಪ್ಪ." ಅವಳ ಕಣ್ಣು ತುಂಬಿತು. "ನನ್ನ ತಪ್ಪು. ವಾಪಸು ಬಾ. ಲೈನಿನಲ್ಲಿ ಪಾಲು ಕೊಡುವಾ ಅಂತ ಪ್ರಣೀತಾ ಆವತ್ತೇ ಹೇಳಿದ್ಲು. ನಾನು ಇವರ ಹತ್ರ ಮಾತಾಡ್ತೇನೆ. ಎಲ್ಲ ಹೋಗ್ತಾ ಉಂಟು ಮರೆಪ್ಪ, ನಮ್ಮ ಕೈಯಲ್ಲಿ ಆಗುದಿಲ್ಲ."

ಅವನು ತಲೆ ತಗ್ಗಿಸಿದ.

"ಬ್ಯಾಡ್ರಿ ಅಕ್ಕಾರ. ಅಲ್ಲಿ ನನ್ನ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದವರು ಸಂಶಯ ಪಟ್ರ ಅಷ್ಟು ನೋವಾಗಂಗಿಲ್ಲ. ನೀವು ಮತ್ತೊಮ್ಮೆ ಹಂಗ ನೋಡಿದ್ರ ನನಗ ತಡ್ಕೊಳ್ಳಾಕ ಆಗಂಗಿಲ್ಲ."

ಸೋಮವ್ವ ಚಹಾ ತಂದಿಟ್ಟಳು. ಶೀಲಾವತಿ ಕುಡಿದಳು. ಕುಡಿಯದೆ ಏಳುವ ಧೈರ್ಯವಾಗಲಿಲ್ಲ.

ದಾರಿಯಲ್ಲಿ ಬಸ್ ಸ್ಟಾಪಿನಲ್ಲಿ ನಿಂತು ಮಗಳಿಗೆ ಫೋನು ಮಾಡಿದಳು. ಪ್ರಣೀತಾ ಮೀಟಿಂಗಿನಲ್ಲಿದ್ದವಳು ಹೊರಗೆ ಬಂದು ಎಲ್ಲ ಕೇಳಿಸಿಕೊಂಡಳು. ಆಚೆ ಕಡೆ ಅಳುತ್ತಿದ್ದಾಳೆಂದು ಶೀಲಾವತಿಗೆ ಗೊತ್ತಾಯಿತು.

"ಸಾರಿ ಅಮ್ಮ. ನಾನು ಆ ಗೇಮ್ ಮಾಡಿಸ್ಬಾರದಿತ್ತು."

"ಗೇಮಿನದ್ದು ಎಂತ ತಪ್ಪು ಮಗಾ? ಕಂಪೆನಿಯ ಕುರ್ಚಿಗೆ ನನ್ನನ್ನು ಕೂರಿಸಿದಿ, ನಮ್ಮ ಕುರ್ಚಿಗೆ ಪಪ್ಪನನ್ನು ಕೂರಿಸಿದಿ. ಮರೆಪ್ಪನಿಗೆ ಒಂದು ಕುರ್ಚಿ ಹಾಕ್ಲಿಲ್ಲ ನಾವು ಯಾರೂ. ಅವನನ್ನು ಅತ್ತ ಇತ್ತ ಇಟ್ಟು ಆಡಿದೆವು."

ಷೆಡ್ಡಿಗೆ ಮರಳಿ ಅವಳು ಹೇಳಿದ್ದನ್ನೆಲ್ಲ ಚೆನ್ನಯ ಅಕ್ಕಿ ಮೂಟೆಯ ಮೇಲೆ ಕೂತು ಕೇಳಿಸಿಕೊಂಡ. ಮರೆಪ್ಪ ತಾನಾಗಿಯೇ ಹೋದನೆಂಬ ಮಾತಿಗೆ ಅವನ ಮುಖ ಕದಲಲಿಲ್ಲ. ಕಂಪೆನಿಯವರ ಮಾತು ಬಂದಾಗ ಮಾತ್ರ ತಲೆಯೆತ್ತಿದ.

"ಹೆಸರೇ ಗೊತ್ತಿಲ್ವಂತಾ?"

"ಇಲ್ವಂತೆ."

"ಹೆಜಮಾಡಿ ಹಿಟ್ಟು ಅಂತ ಸರಿಯಾಗಿ ಹೇಳಿದ್ನಾ ಅವ?"

"ಹೇಳಿದ್ನಂತೆ. ಮತ್ತೆ ಮತ್ತೆ ಹೇಳಿದ್ನಂತೆ."

ಚೆನ್ನಯ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ. ಶೀಲಾವತಿ ಅವನ ಪಕ್ಕದಲ್ಲಿ ಕೂತಳು. ಗ್ರೈಂಡರುಗಳಲ್ಲಿ ಅರ್ಧದಷ್ಟು ಆರಿಹೋಗಿದ್ದವು. ಮೊದಲಾಗಿದ್ದರೆ ಆ ಸದ್ದಿನಲ್ಲಿ ಅವನು ಅಳುವುದು ಯಾರಿಗೂ ಕೇಳಿಸುತ್ತಿರಲಿಲ್ಲ.

ಶನಿವಾರ ಚೆನ್ನಯ ತಾನೇ ಆಂಟಾಪ್ ಹಿಲ್‌ಗೆ ಹೋದ. ಹೆಂಡತಿ ಜೊತೆಗೆ ಬರುತ್ತೇನೆಂದರೆ ಬೇಡವೆಂದ. ಬಹಳ ಹೊತ್ತಿನ ಮೇಲೆ ಒಬ್ಬನೇ ಮರಳಿದ.

"ಬರುದಿಲ್ಲ ಅವ" ಎಂದ. "ನನಗೆ ಕೇಳ್ಬೇಕಾದ್ದನ್ನು ಕೇಳ್ಕೊಂಡೆ. ತಪ್ಪಾಯ್ತು ಅಂತ ಎದುರು ನಿಂತು ಕೇಳ್ಕೊಂಡೆ." ಇಷ್ಟು ಹೇಳಿ ಒಳಗೆ ಹೋಗಿ ಮಲಗಿದ.

ದಹಿಸರ್ ಸಾಲನ್ನು ಬಿಟ್ಟುಬಿಟ್ಟರು. ಟೆಂಪೋ ಷೆಡ್ಡಿನ ಮುಂದೆ ಧೂಳು ತಿನ್ನುತ್ತ ನಿಂತಿತು. ಕೆಲಸದ ಹೆಂಗಸರಲ್ಲಿ ಕೆಲವರಿಗೆ ಬರಬೇಡಿ ಎಂದು ಶೀಲಾವತಿಯೇ ಹೇಳಬೇಕಾಯಿತು. ಪ್ರೀತಮ್ ಮಾಟುಂಗದ ಹೋಟೆಲೊಂದರ ಗಲ್ಲಾದಲ್ಲಿ ಕೂತ. ಉಳಿದದ್ದು ವಡಾಲ, ಮಾಟುಂಗದ ಹೋಟೆಲುಗಳು, ಪಾತ್ರೆ ಹಿಡಿದುಕೊಂಡು ಬಾಗಿಲಿಗೇ ಬರುವ ಸುತ್ತಲಿನ ಮನೆಯವರು. ಅವರೂ ಎಷ್ಟು ದಿನವೋ ಎಂದು ಚೆನ್ನಯ ದಿನಕ್ಕೊಮ್ಮೆಯಾದರೂ ಅನ್ನುತ್ತಿದ್ದ.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಅವಳು ಒಬ್ಬಳೇ ಉದ್ದು ತೊಳೆಯುತ್ತಿದ್ದಾಗ ಬಾಗಿಲಲ್ಲಿ ಸೋಮವ್ವ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಕೆಲಸ ಐತೇನ್ರಿ?"

"ಉಂಟು" ಎಂದಳು ಶೀಲಾವತಿ. ಇರಲಿಲ್ಲ, ಆದರೂ ಹಾಗೆಂದಳು. "ಮರೆಪ್ಪ ಎಂತ ಹೇಳಿದ?"

"ಅವನಿಗೆ ಕೇಳಿಲ್ಲ. ನಾ ಬಂದೀನಿ. ಅಣ್ಣಾರ ಜೋಡಿ ಮಾತಾಡಂಗಿಲ್ಲ, ಈಗೇ ಹೇಳ್ತೀನಿ."

ಒಳಗಿನಿಂದ ಚೆನ್ನಯ ಹೊರಗೆ ಬಂದ. ಅವಳನ್ನು ನೋಡಿ ನಿಂತ. ಮೆಲ್ಲಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದ. ಸೋಮವ್ವ ಅವನನ್ನು ಹಾದು ಬಂದು, ಸೀರೆಯನ್ನು ಮೊಣಕಾಲಿಗೆ ಎತ್ತಿ ಸಿಕ್ಕಿಸಿಕೊಂಡು ಬೋಗುಣಿಯ ಮುಂದೆ ಕೂತಳು. ಶೀಲಾವತಿ ಸ್ವಲ್ಪ ಸರಿದು ಜಾಗ ಕೊಟ್ಟಳು.

"ನೀರು ಬದಲಿ ಮಾಡಿಲ್ಲ ನೀವು" ಎಂದಳು ಸೋಮವ್ವ ಬೋಗುಣಿಯೊಳಗೆ ಕೈಯಾಡಿಸಿ. "ಹಿಂಗ ತೊಳದ್ರ ಹೊಟ್ಟು ಹೋಗಂಗಿಲ್ಲ. ಕೊಡ್ರಿ ಇಲ್ಲಿ."